ಅಮ್ಮನನ್ನು ಕ್ಯಾನ್ಸರ್ ಟ್ರಯಲ್‌ಗೆ ಸೇರಿಸೋಣವೇ?

ಪ್ರಶ್ನೆ: ನಮ್ಮ ಅಮ್ಮನಿಗೆ 61 ವರ್ಷ. ಏಳು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು. ಆಗ ಗಡ್ಡೆಯನ್ನಷ್ಟೇ ತೆಗೆದು, ರೇಡಿಯೇಷನ್ ಕೊಟ್ಟು, ಐದು ವರ್ಷ ಹಾರ್ಮೋನ್ ಮಾತ್ರೆ ಕೊಟ್ಟಿದ್ದರು. ಈಗ ಅದು ಲಿವರ್‌ನಲ್ಲಿ ಕಾಣಿಸಿಕೊಂಡಿದೆ. ಮಾಮೂಲಿ ಚಿಕಿತ್ಸೆಯ ಜೊತೆಗೆ ಒಂದು ಹೊಸ ಮಾತ್ರೆ ಕೊಟ್ಟು ನೋಡುವ ಮೂರನೇ ಹಂತದ ಟ್ರಯಲ್ ಇದೆ, ಸೇರುತ್ತೀರಾ ಎಂದು ಡಾಕ್ಟರ್ ಕೇಳಿದ್ದಾರೆ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧ ಜನಕ್ಕೆ ಖಾಲಿ ಮಾತ್ರೆಯಂತೆ. ಮೂವತ್ತು ಪುಟದ ಒಪ್ಪಿಗೆ ಪತ್ರ ಕೊಟ್ಟು ಕಳಿಸಿದ್ದಾರೆ. "ಅಮ್ಮನನ್ನು ಪ್ರಯೋಗದ ಇಲಿ ಮಾಡಬೇಡ" ಎನ್ನುತ್ತಾನೆ ಅಣ್ಣ. ಸೇರಿಸಿದರೆ ಏನೇನಾಗುತ್ತದೆ? ಸೇರಿಸಬೇಕೋ ಬೇಡವೋ?

ಉತ್ತರ: ಮೊದಲು ಖಾಲಿ ಮಾತ್ರೆಯ ವಿಷಯ ಮುಗಿಸಿಬಿಡೋಣ. ನಿಮ್ಮ ಮನೆಯಲ್ಲಿ ವಾದ ನಡೆಯುತ್ತಿರುವುದು ಅದರ ಮೇಲೆಯೇ ಅನ್ನಿಸುತ್ತದೆ. ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಬರೀ ಖಾಲಿ ಮಾತ್ರೆ ಕೊಟ್ಟು ಕೂರಿಸುವುದು ಅಪರೂಪ. ಕೆಲಸ ಮಾಡುವ ಚಿಕಿತ್ಸೆ ಒಂದಿರುವಾಗ ಅದನ್ನು ತಪ್ಪಿಸಿ ಖಾಲಿ ಮಾತ್ರೆ ಕೊಡಲು ಎಥಿಕ್ಸ್ ಕಮಿಟಿ, ಅಂದರೆ ಟ್ರಯಲ್ ರೋಗಿಗಳಿಗೆ ನ್ಯಾಯವಾಗಿದೆಯೇ ಎಂದು ನೋಡುವ ಸಮಿತಿ, ಒಪ್ಪಬಾರದು. ನೀವು ಬರೆದಿರುವ ಪ್ರಕಾರ ನಿಮ್ಮ ತಾಯಿಯ ಟ್ರಯಲ್‌ನಲ್ಲಿ ಎರಡೂ ಗುಂಪಿಗೆ ಮಾಮೂಲಿ ಚಿಕಿತ್ಸೆ ಸಿಗುತ್ತದೆ. ಅದರ ಮೇಲೆ ಒಂದು ಗುಂಪಿಗೆ ಹೊಸ ಮಾತ್ರೆ, ಇನ್ನೊಂದು ಗುಂಪಿಗೆ ಅದೇ ಬಣ್ಣ, ಅದೇ ಗಾತ್ರದ ಪ್ಲಸೀಬೊ, ಅಂದರೆ ಔಷಧಿ ಇಲ್ಲದ ಮಾತ್ರೆ. ಖಾಲಿ ಮಾತ್ರೆಯೇ ಪಾಲಿಗೆ ಬಂದರೂ ಹೊರಗಿದ್ದರೆ ಸಿಗುತ್ತಿದ್ದ ಚಿಕಿತ್ಸೆ ಅಮ್ಮನಿಗೆ ತಪ್ಪುವುದಿಲ್ಲ.

ಆದರೆ ಇಲ್ಲಿ ಒಂದು ಮಾತು ಕೇಳಲೇಬೇಕು. ಜಾಸ್ತಿ ಜನ ಇದನ್ನು ಕೇಳುವುದಿಲ್ಲ. ಟ್ರಯಲ್ ಹೇಳುವ "ಮಾಮೂಲಿ ಚಿಕಿತ್ಸೆ" ಇವತ್ತಿಗೆ ಅಮ್ಮನಂಥವರಿಗೆ ಇರುವ ಒಳ್ಳೆಯ ಚಿಕಿತ್ಸೆಯೇ? ಒಂದು ಟ್ರಯಲ್ ಯೋಜನೆಯಾಗಿ, ಒಪ್ಪಿಗೆ ಸಿಕ್ಕಿ, ಜನ ಸೇರುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ಅಷ್ಟರಲ್ಲಿ ಇನ್ನೂ ಒಳ್ಳೆಯ ಔಷಧಿ ಬಂದಿರಬಹುದು. ಹಾಗಾದಾಗ ಹೋಲಿಕೆಯ ಗುಂಪು ಹಳೆಯ ಚಿಕಿತ್ಸೆಯಲ್ಲೇ ಉಳಿದುಬಿಡುತ್ತದೆ. ಡಾಕ್ಟರನ್ನು ನೇರವಾಗಿ ಕೇಳಿ: "ಈ ಟ್ರಯಲ್ ಇಲ್ಲದಿದ್ದರೆ ನೀವು ಅಮ್ಮನಿಗೆ ಏನು ಕೊಡುತ್ತಿದ್ದಿರಿ?" ಅವರು ಹೇಳಿದ್ದೂ ಒಪ್ಪಿಗೆ ಪತ್ರದಲ್ಲಿ ಇರುವುದೂ ಒಂದೇ ಆಗಿದ್ದರೆ ನಿಮ್ಮ ಅರ್ಧ ಚಿಂತೆ ಕಳೆಯಿತು. ಬೇರೆ ಬೇರೆ ಆಗಿದ್ದರೆ ಯಾಕೆ ಅಂತ ಕೇಳಿ. ಸಾಧ್ಯವಾದರೆ ಈ ಟ್ರಯಲ್‌ಗೆ ಸಂಬಂಧವಿಲ್ಲದ ಇನ್ನೊಬ್ಬ ಕ್ಯಾನ್ಸರ್ ತಜ್ಞರ ಹತ್ತಿರವೂ ಕೇಳಿ. ನಿಮ್ಮ ಡಾಕ್ಟರೇ ಟ್ರಯಲ್ ನಡೆಸುವವರೂ ಆಗಿದ್ದರೆ ಅವರು ಏಕಕಾಲಕ್ಕೆ ಎರಡು ಕೆಲಸ ಮಾಡುತ್ತಿರುತ್ತಾರೆ. ಅದರಲ್ಲಿ ಕೆಟ್ಟದ್ದೇನಿಲ್ಲ, ಆದರೆ ಅದು ನಿಮಗೆ ಗೊತ್ತಿರಬೇಕು.

ಇನ್ನು ಅಣ್ಣನ ಮಾತು. ಅವರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನೂರಾರು ಕಪ್ಪು ಗಂಡಸರನ್ನು ಸಿಫಿಲಿಸ್ ಎಂಬ ಲೈಂಗಿಕ ರೋಗದ ಅಧ್ಯಯನವೊಂದರಲ್ಲಿ ಇಟ್ಟುಕೊಂಡು, ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡದೆ ಕಾಯಿಲೆಯನ್ನು ನೋಡುತ್ತಾ ಕೂತಿದ್ದರು. ಅವರಿಗೆ ನಿಜ ಹೇಳಿರಲೇ ಇಲ್ಲ. ನಾಜಿ ವೈದ್ಯರ ಪ್ರಯೋಗಗಳ ವಿಚಾರಣೆಯ ನಂತರ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು, 1964ರಲ್ಲಿ ಹೆಲ್ಸಿಂಕಿ ಘೋಷಣೆ ಬಂತು. ಎರಡೂ ಮನುಷ್ಯರ ಮೇಲೆ ಪ್ರಯೋಗ ಮಾಡುವವರು ಪಾಲಿಸಬೇಕಾದ ನೀತಿನಿಯಮಗಳು. ಕೈಯಲ್ಲಿರುವ ಮೂವತ್ತು ಪುಟ, ಎಥಿಕ್ಸ್ ಕಮಿಟಿ, ಯಾವಾಗ ಬೇಕಾದರೂ ಹೊರಬರುವ ಹಕ್ಕು, ಇವೆಲ್ಲ ಹುಟ್ಟಿದ್ದು ಇಂಥ ಅನ್ಯಾಯಗಳಿಂದ. ಇಲಿಗೆ ಯಾರೂ ಒಪ್ಪಿಗೆ ಕೇಳುವುದಿಲ್ಲ, ಅಲ್ವಾ? ನಿಮ್ಮ ತಾಯಿಯನ್ನು ಕೇಳುತ್ತಿದ್ದಾರೆ. ಬೇಡ ಎಂದರೆ ಅವರ ಚಿಕಿತ್ಸೆಗೆ ಯಾವ ತೊಂದರೆಯೂ ಆಗಕೂಡದು.

ಆದರೂ ಅಣ್ಣನ ಮಾತಿನಲ್ಲಿ ಒಂದು ನಿಜವಿದೆ. ಟ್ರಯಲ್ ನಡೆಸುವುದು ಒಂದು ಪ್ರಶ್ನೆಗೆ ಉತ್ತರ ಹುಡುಕಲಿಕ್ಕೆ. ನಿಮ್ಮ ಅಮ್ಮನಿಗೆ ಅದರಿಂದ ಒಳ್ಳೆಯದಾಗಬಹುದು, ಆಗದೆಯೂ ಇರಬಹುದು. ಹೊಸ ಔಷಧಿ ಎಂದರೆ ಮೇಲಾದ ಔಷಧಿ ಎಂದು ಮನಸ್ಸು ತಾನಾಗಿ ಅಂದುಕೊಂಡುಬಿಡುತ್ತದೆ. ಡಾಕ್ಟರುಗಳ ಮನಸ್ಸೂ ಹಾಗೆಯೇ. ಆದ್ದರಿಂದ ಯಾವುದೇ ಟ್ರಯಲ್ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ, ಇದು ಏನನ್ನು ಕಂಡುಹಿಡಿಯಲು ಹೊರಟಿದೆ ಎಂಬುದು.

ಹಂತಗಳು ಬೇರೆಯಾಗುವುದು ಅಲ್ಲಿಯೇ. ಮೊದಲ ಹಂತದ ಪ್ರಶ್ನೆ: ಎಷ್ಟು ಡೋಸ್ ಕೊಡಬಹುದು? ಮೂರು ಜನಕ್ಕೆ ಸಣ್ಣ ಡೋಸ್ ಕೊಟ್ಟು, ಕಾದು ನೋಡಿ, ತಡೆದುಕೊಂಡರೆ ಮುಂದಿನ ಮೂರು ಜನಕ್ಕೆ ಇನ್ನೊಂದಿಷ್ಟು ಜಾಸ್ತಿ ಕೊಡುವುದು ಹಳೆಯ ಕ್ರಮ. ಇಂಥ ಟ್ರಯಲ್‌ಗೆ ಸೇರುವವರು ಹೆಚ್ಚಾಗಿ ಬೇರೆ ದಾರಿ ಮುಗಿದವರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನೆರವಿನಲ್ಲಿ 2000ರಿಂದ 2019ರವರೆಗೆ ನಡೆದ ಮೊದಲ ಹಂತದ ಟ್ರಯಲ್‌ಗಳನ್ನೆಲ್ಲ ಒಟ್ಟಿಗೆ ನೋಡಿದಾಗ, ಗಡ್ಡೆ ಗಣನೀಯವಾಗಿ ಕುಗ್ಗಿದವರು ಆರಂಭದ ವರ್ಷಗಳಲ್ಲಿ ಶೇಕಡಾ 10ರ ಆಸುಪಾಸಿನಲ್ಲಿದ್ದರು, ಕೊನೆಯ ವರ್ಷಗಳಲ್ಲಿ ಶೇಕಡಾ 18ರಷ್ಟಾದರು. ಔಷಧಿಯಿಂದಲೇ ತೀರಿಕೊಂಡವರು ಶೇಕಡಾ 1ಕ್ಕಿಂತ ಕಡಿಮೆ. ಎರಡನೇ ಹಂತದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಜನರಲ್ಲಿ ಔಷಧಿ ಕೆಲಸ ಮಾಡುವ ಲಕ್ಷಣ ಇದೆಯೇ ಎಂದು ನೋಡುತ್ತಾರೆ. ಮೂರನೆಯದಕ್ಕೆ ಬಂದಿದೆ ಎಂದರೆ ಡೋಸ್ ಗೊತ್ತಾಗಿದೆ, ಮುಖ್ಯ ಸೈಡ್ ಎಫೆಕ್ಟ್‌ಗಳು ಗೊತ್ತಾಗಿವೆ, ಸ್ವಲ್ಪ ಭರವಸೆಯೂ ಕಂಡಿದೆ. ಉಳಿದಿರುವುದು ಈಗಿನ ಚಿಕಿತ್ಸೆಗಿಂತ ಇದು ಮೇಲೋ ಅಲ್ಲವೋ ಎಂಬುದು. ನೂರಾರು, ಕೆಲವೊಮ್ಮೆ ಸಾವಿರಾರು ಜನ ಬೇಕಾಗುವುದು ಅದಕ್ಕೇ. ಎಷ್ಟೋ ಔಷಧಿಗಳು ಇಲ್ಲಿಗೆ ಬಂದು ಸೋತಿವೆ.

ಯಾರಿಗೆ ಯಾವ ಗುಂಪು ಎಂದು ಕಂಪ್ಯೂಟರ್ ಆರಿಸುತ್ತದೆ. ನಿಮ್ಮ ಡಾಕ್ಟರ್ ಕೈಯಲ್ಲಿ ಅದು ಇಲ್ಲ. "ನಮ್ಮಮ್ಮನಿಗೆ ನಿಜವಾದ ಮಾತ್ರೆಯೇ ಸಿಗುವ ಹಾಗೆ ಮಾಡಿ" ಎಂದು ಬೇಡಿಕೊಂಡವರನ್ನು ನಾನು ನೋಡಿದ್ದೇನೆ, ಅದು ಆಗದ ಮಾತು. ನಿಮ್ಮ ಟ್ರಯಲ್‌ನಲ್ಲಿ ಯಾರಿಗೆ ಯಾವ ಮಾತ್ರೆ ಎಂದು ಡಾಕ್ಟರಿಗೂ ತಿಳಿದಿರುವುದಿಲ್ಲ. ತುರ್ತಾಗಿ ತಿಳಿಯಲೇಬೇಕಾದರೆ ಮಾತ್ರ ಆ ಗುಟ್ಟನ್ನು ಬಿಚ್ಚುವ ವ್ಯವಸ್ಥೆ ಇರುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ ಅನ್ನಿಸಬಹುದು. ಸ್ತನ ಕ್ಯಾನ್ಸರ್‌ನ ಚರಿತ್ರೆಯಲ್ಲೇ ಉತ್ತರವಿದೆ. 1990ರ ದಶಕದಲ್ಲಿ ಸಾವಿರಾರು ಮಹಿಳೆಯರಿಗೆ ಅತಿ ಹೆಚ್ಚು ಡೋಸ್‌ನ ಕೀಮೋ ಕೊಟ್ಟು, ಅದರಿಂದ ಹಾಳಾದ ಮೂಳೆಮಜ್ಜೆಯ ಬದಲಿಗೆ ಮೊದಲೇ ತೆಗೆದಿಟ್ಟ ಅವರದೇ ಮಜ್ಜೆಯ ಜೀವಕೋಶಗಳನ್ನು ವಾಪಸ್ ಹಾಕುತ್ತಿದ್ದರು. ಜಾಸ್ತಿ ಔಷಧಿ, ಜಾಸ್ತಿ ಗುಣ ಎಂಬ ನಂಬಿಕೆ. ಚಿಕಿತ್ಸೆ ನರಕದಂತಿತ್ತು, ಕೆಲವರು ಚಿಕಿತ್ಸೆಯಿಂದಲೇ ಸತ್ತರು. ಹೇಗೂ ಇದೇ ಮೇಲು ಎಂದುಕೊಂಡು ಎಷ್ಟೋ ಜನ ಟ್ರಯಲ್‌ಗೆ ಸೇರದೆ ಹೊರಗೇ ಅದನ್ನು ಮಾಡಿಸಿಕೊಂಡರು. ಹೀಗಾಗಿ ಟ್ರಯಲ್‌ಗಳಿಗೆ ಜನ ಸೇರುವುದು ನಿಧಾನವಾಯಿತು. 1999ರಿಂದ ಫಲಿತಾಂಶಗಳು ಒಂದೊಂದಾಗಿ ಬಂದಾಗ ತಿಳಿದದ್ದು, ಮಾಮೂಲಿ ಕೀಮೋ ಪಡೆದವರಿಗಿಂತ ಇವರು ಜಾಸ್ತಿ ದಿನ ಬದುಕಲಿಲ್ಲ ಎಂದು.

ಇದಕ್ಕೆ ತಿರುಗುಮುರುಗಾದ ಕಥೆಯೂ ಇದೆ, ಅದು ನಿಮ್ಮ ಅಮ್ಮನದೇ. ಮೊದಲ ಸಲ ಗಡ್ಡೆಯನ್ನಷ್ಟೇ ತೆಗೆದರು ಎಂದು ಬರೆದಿದ್ದೀರಿ. ಒಂದು ಕಾಲದಲ್ಲಿ ಹಾಗೆ ಮಾಡುವುದನ್ನು ಹೆಚ್ಚಿನ ಡಾಕ್ಟರುಗಳು ಒಪ್ಪುತ್ತಿರಲಿಲ್ಲ, ಇಡೀ ಸ್ತನವನ್ನೇ ತೆಗೆಯುತ್ತಿದ್ದರು. ಬರ್ನಾರ್ಡ್ ಫಿಶರ್ ಎಂಬ ಅಮೆರಿಕದ ಸರ್ಜನ್ ಮತ್ತು ಅವರ ತಂಡ 1976ರಲ್ಲಿ ಒಂದು ಟ್ರಯಲ್ ಶುರು ಮಾಡಿತು. ಪೂರ್ತಿ ಸ್ತನ ತೆಗೆಯುವುದು, ಗಡ್ಡೆಯಷ್ಟೇ ತೆಗೆಯುವುದು, ಗಡ್ಡೆ ತೆಗೆದು ರೇಡಿಯೇಷನ್ ಕೊಡುವುದು, ಹೀಗೆ ಮೂರು ಗುಂಪು. 1985ರಲ್ಲಿ ಮೊದಲ ಫಲಿತಾಂಶ ಬಂತು. 2002ರಲ್ಲಿ, ಇಪ್ಪತ್ತು ವರ್ಷ ಹಿಂಬಾಲಿಸಿದ ಮೇಲೂ, ಬದುಕಿನ ಅವಧಿಯಲ್ಲಿ ಮೂರು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ರೇಡಿಯೇಷನ್ ಕೊಟ್ಟವರಲ್ಲಿ ಅದೇ ಸ್ತನದಲ್ಲಿ ಮತ್ತೆ ಗಡ್ಡೆ ಬರುವುದು ಮಾತ್ರ ಬಹಳ ಕಡಿಮೆಯಾಗಿತ್ತು. 1,800ಕ್ಕೂ ಹೆಚ್ಚು ಹೆಂಗಸರು ಯಾವ ಆಪರೇಷನ್ ಆಗಲಿ ಎಂಬುದನ್ನೇ ಆಕಸ್ಮಿಕಕ್ಕೆ ಬಿಟ್ಟುಕೊಟ್ಟಿದ್ದರಿಂದ ಇದು ತಿಳಿಯಿತು. ಅಣ್ಣನಿಗೆ ಇದನ್ನು ಹೇಳಿ.

ಈಗ ನಿಜವಾಗಿ ಏನೇನಾಗುತ್ತದೆ ಎಂಬುದಕ್ಕೆ ಬರೋಣ.

ಸಹಿ ಹಾಕಿದ ಮರುದಿನ ಮಾತ್ರೆ ಸಿಗುತ್ತದೆ ಎಂದುಕೊಂಡಿದ್ದರೆ ಹಾಗಲ್ಲ. ಸಹಿಯ ನಂತರ ಬರುವುದು ಸ್ಕ್ರೀನಿಂಗ್, ಅಂದರೆ ಅಮ್ಮ ಈ ಟ್ರಯಲ್‌ಗೆ ಹೊಂದುತ್ತಾರೆಯೇ ಎಂಬ ಪರೀಕ್ಷೆ. ಸಾಮಾನ್ಯವಾಗಿ ಮೂರು ನಾಲ್ಕು ವಾರಗಳ ಅವಧಿ ಇದಕ್ಕೆ. ರಕ್ತ ಪರೀಕ್ಷೆಗಳು, ಇಸಿಜಿ, ಹೊಸದಾಗಿ ಸಿಟಿ ಸ್ಕ್ಯಾನ್, ಕೆಲವು ಸಲ ಹೃದಯದ ಎಕೋ. ರಕ್ತಕಣಗಳ ಸಂಖ್ಯೆ, ಲಿವರ್ ಮತ್ತು ಕಿಡ್ನಿ ಕೆಲಸದ ಮಟ್ಟ, ದಿನನಿತ್ಯದ ಓಡಾಟಕ್ಕೆ ಅವರಲ್ಲಿರುವ ಶಕ್ತಿ, ಎಲ್ಲಕ್ಕೂ ಗೆರೆ ಹಾಕಿರುತ್ತಾರೆ. ಹಿಂದಿನ ಔಷಧಿ ಮೈಯಿಂದ ಹೋಗಲಿ ಎಂದು ಕೆಲವು ವಾರ ಖಾಲಿ ಬಿಡಬೇಕಾಗಬಹುದು. ಅಮ್ಮ ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆ, ವಿಟಮಿನ್, ಗಿಡಮೂಲಿಕೆ ಔಷಧಿ, ಎಲ್ಲದರ ಪಟ್ಟಿ ಕೇಳುತ್ತಾರೆ. "ಇದೇನು ಮಹಾ, ಬರೀ ಕಷಾಯ" ಎಂದು ಮುಚ್ಚಿಡಬೇಡಿ. ಔಷಧಿಯನ್ನು ಲಿವರ್ ಒಡೆಯುವ ವೇಗವನ್ನೇ ಕೆಲವು ಗಿಡಮೂಲಿಕೆಗಳು ಬದಲಿಸುತ್ತವೆ. ಆಗ ರಕ್ತದಲ್ಲಿ ಔಷಧಿ ವಿಪರೀತ ಏರಬಹುದು, ಇಲ್ಲವೇ ನಿಲ್ಲದೇ ಹೋಗಬಹುದು.

ಲಿವರ್‌ನಿಂದ ಬಯಾಪ್ಸಿ, ಅಂದರೆ ಪರೀಕ್ಷೆಗಾಗಿ ಗಡ್ಡೆಯ ಸಣ್ಣ ತುಣುಕು, ಕೇಳುವ ಸಾಧ್ಯತೆ ಇದೆ. ಕೆಲವು ಟ್ರಯಲ್‌ಗಳಿಗೆ ಹಳೆಯ ಆಪರೇಷನ್‌ನಿಂದ ಇಟ್ಟಿರುವ ಗಡ್ಡೆಯ ತುಣುಕೇ ಸಾಕು, ಕೆಲವಕ್ಕೆ ಹೊಸದೇ ಬೇಕು. ಹೊಸದಾಗಿ ಮಾಡಿದರೆ ಅದು ಅಮ್ಮನ ಚಿಕಿತ್ಸೆಗೂ ಉಪಯೋಗವೋ, ಟ್ರಯಲ್‌ನ ಸಂಶೋಧನೆಗೆ ಮಾತ್ರವೋ ಎಂದು ಕೇಳಿ. ವರ್ಷಗಳ ನಂತರ ಮರುಕಳಿಸಿದ ಕ್ಯಾನ್ಸರ್‌ನ ಗುಣ ಮೊದಲಿನ ಗಡ್ಡೆಗಿಂತ ಬದಲಾಗಿರಬಹುದು. ಆ ದೃಷ್ಟಿಯಿಂದ ಬಯಾಪ್ಸಿ ಹೇಗೂ ಒಳ್ಳೆಯದೇ. ಆದರೆ ಲಿವರ್‌ಗೆ ಸೂಜಿ ಹಾಕುವುದರಲ್ಲಿ ನೋವೂ ಇದೆ, ಸಣ್ಣ ಪ್ರಮಾಣದಲ್ಲಿ ರಕ್ತಸ್ರಾವದ ಅಪಾಯವೂ ಇದೆ. ಬರೀ ಸಂಶೋಧನೆಗಾದರೆ ಎಷ್ಟು ಸಲ ಎಂಬುದನ್ನೂ ಕೇಳಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ "ಹೊಂದಿಕೆಯಾಗಲಿಲ್ಲ" ಎಂದು ವಾಪಸ್ ಕಳಿಸಲೂಬಹುದು. ರಕ್ತದ ಒಂದು ಅಂಕಿ ಗೆರೆಯ ಆಚೆ ಇದ್ದರೂ ಸಾಕು. ನನ್ನ ಅನುಭವದಲ್ಲಿ ಸೈಡ್ ಎಫೆಕ್ಟ್‌ಗಿಂತ ಇದೇ ಮನೆಯವರನ್ನು ಜಾಸ್ತಿ ಕುಗ್ಗಿಸುತ್ತದೆ. ಅಮ್ಮ ಏನೋ ತಪ್ಪು ಮಾಡಿದರು ಎಂಬಂತೆ, ಕೊನೆಯ ಬಸ್ಸು ತಪ್ಪಿತು ಎಂಬಂತೆ ಕೂತುಬಿಡುತ್ತಾರೆ. ಅದಕ್ಕೇ ಸ್ಕ್ರೀನಿಂಗ್ ಶುರುವಾಗುವ ಮುಂಚೆಯೇ ಎರಡನ್ನು ಕೇಳಿಟ್ಟುಕೊಳ್ಳಿ. ಈ ವಾರಗಳಲ್ಲಿ ಚಿಕಿತ್ಸೆ ನಿಂತಿರುತ್ತದೆಯೇ? ಆಯ್ಕೆಯಾಗದಿದ್ದರೆ ಎಷ್ಟು ದಿನದಲ್ಲಿ ಮಾಮೂಲಿ ಚಿಕಿತ್ಸೆ ಶುರುಮಾಡುತ್ತೀರಿ? ಲಿವರ್‌ನಲ್ಲಿ ಕಾಯಿಲೆ ಬೇಗ ಬೆಳೆಯುತ್ತಿದ್ದರೆ, ಅಥವಾ ಅಮ್ಮನಿಗೆ ಈಗಾಗಲೇ ತೊಂದರೆ ಕಾಣಿಸುತ್ತಿದ್ದರೆ, ಒಂದು ತಿಂಗಳು ಕಾಯುವುದೇ ಸರಿಯಲ್ಲದಿರಬಹುದು.

ಆಯ್ಕೆಯಾದರೆ ಮೊದಲ ದಿನ ಬಹಳ ಉದ್ದದ ದಿನ. ರಕ್ತ ತೆಗೆಯುತ್ತಾರೆ, ಮಾತ್ರೆ ಕೊಡುತ್ತಾರೆ. ಔಷಧಿಯ ಮಟ್ಟ ಅಳೆಯುವ ಟ್ರಯಲ್ ಆದರೆ ಗಂಟೆಗೊಮ್ಮೆ ಎಂಬಂತೆ ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ. ಮೊದಲ ಒಂದೆರಡು ತಿಂಗಳು ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹೋಗಬೇಕಾಗಬಹುದು, ಆಮೇಲೆ ಅಂತರ ಹೆಚ್ಚಾಗುತ್ತದೆ. ಮನೆಯಲ್ಲಿ ಮಾತ್ರೆ ತೆಗೆದುಕೊಂಡ ಸಮಯವನ್ನು ಡೈರಿಯಲ್ಲಿ ಬರೆಯಬೇಕು. ಖಾಲಿ ಬಾಟಲಿಯನ್ನೂ ಉಳಿದ ಮಾತ್ರೆಯನ್ನೂ ವಾಪಸ್ ತರಬೇಕು, ಅವರು ಎಣಿಸುತ್ತಾರೆ. ಹೇಗೆ ನಿದ್ರೆ, ಎಷ್ಟು ಸುಸ್ತು, ಮನಸ್ಸು ಹೇಗಿದೆ ಎಂಬ ಪ್ರಶ್ನಾವಳಿಗಳನ್ನು ಪದೇಪದೇ ತುಂಬಿಸುತ್ತಾರೆ. ಬೇಜಾರಾಗುತ್ತದೆ, ಆದರೂ ಇವು ಸುಮ್ಮನೆ ಕಾಗದವಲ್ಲ. ಗಡ್ಡೆ ಕುಗ್ಗಿದರೂ ಬದುಕು ಸಹಿಸಲಾಗದಂತಾಯಿತೇ ಎಂಬುದು ಇವುಗಳಿಂದಲೇ ತಿಳಿಯುವುದು.

ಈ ದಿನಗಳಲ್ಲಿ ನಿಮಗೆ ಹತ್ತಿರವಾಗುವವರು ಡಾಕ್ಟರ್‌ಗಿಂತ ಹೆಚ್ಚಾಗಿ ಟ್ರಯಲ್ ಕೋಆರ್ಡಿನೇಟರ್, ಅಂದರೆ ಟ್ರಯಲ್‌ನ ದಿನದಿನದ ಕೆಲಸ ನೋಡಿಕೊಳ್ಳುವವರು. ಅವರ ನಂಬರನ್ನೂ ರಾತ್ರಿ ಹೊತ್ತಿನ ತುರ್ತು ನಂಬರನ್ನೂ ಮನೆಯವರೆಲ್ಲರ ಫೋನಿನಲ್ಲಿ ಹಾಕಿಡಿ. ಟ್ರಯಲ್‌ನ ಹೆಸರಿರುವ ಕಾರ್ಡ್ ಕೊಡುತ್ತಾರೆ, ಅದು ಅಮ್ಮನ ಪರ್ಸಿನಲ್ಲೇ ಇರಲಿ. ಬೇರೆ ಆಸ್ಪತ್ರೆಗೆ ಓಡಬೇಕಾದರೆ ಅಲ್ಲಿನ ಡಾಕ್ಟರಿಗೆ ಮೊದಲು ತೋರಿಸಬೇಕಾದ್ದು ಅದನ್ನೇ.

ಸೈಡ್ ಎಫೆಕ್ಟ್‌ಗಳಿಗೆ ಒಂದರಿಂದ ಐದರವರೆಗೆ ದರ್ಜೆ ಇದೆ. ಒಂದು ಎಂದರೆ ಸಣ್ಣ ಕಿರಿಕಿರಿ, ನಾಲ್ಕು ಎಂದರೆ ಜೀವಕ್ಕೆ ಅಪಾಯ, ಐದು ಎಂದರೆ ಸಾವು. ದರ್ಜೆ ನೋಡಿ ಮಾತ್ರೆ ಕೆಲವು ದಿನ ನಿಲ್ಲಿಸುವುದು, ಡೋಸ್ ಇಳಿಸುವುದು, ಪೂರ್ತಿ ಬಿಡಿಸುವುದು, ಎಲ್ಲವನ್ನೂ ಮೊದಲೇ ಬರೆದಿಟ್ಟಿರುತ್ತಾರೆ. ಇಲ್ಲಿ ರೋಗಿಗಳು ಒಂದು ಕೆಲಸ ಮಾಡುತ್ತಾರೆ. ಹೇಳಿದರೆ ಟ್ರಯಲ್‌ನಿಂದ ತೆಗೆದುಬಿಡುತ್ತಾರೆ ಎಂದು ಭೇದಿಯನ್ನೋ ಬಾಯಿಹುಣ್ಣನ್ನೋ ಮುಚ್ಚಿಡುತ್ತಾರೆ. ಇದು ಅಪಾಯ. ದರ್ಜೆ ಒಂದರಲ್ಲೇ ಹೇಳಿದರೆ ಮಾತ್ರೆ ಎರಡು ದಿನ ನಿಲ್ಲಿಸಿ ಸರಿಮಾಡಬಹುದು. ಮೂರಕ್ಕೆ ಹೋದ ಮೇಲೆ ಆಸ್ಪತ್ರೆಗೇ ಸೇರಬೇಕಾಗಬಹುದು, ಆಗ ನಿಜವಾಗಿಯೂ ಟ್ರಯಲ್ ತಪ್ಪಬಹುದು. ಇನ್ನೊಂದು ವಿಷಯ. ಕಾಲು ಜಾರಿ ಬಿದ್ದು ಆಸ್ಪತ್ರೆಗೆ ಸೇರಿದರೂ ಅದನ್ನು "ಗಂಭೀರ ಘಟನೆ" ಎಂದು ಬರೆದು ಟ್ರಯಲ್ ನಡೆಸುವ ಕಂಪನಿಗೆ ತಕ್ಷಣ ತಿಳಿಸುವುದು ನಿಯಮ. ಆ ಪದ ಕಿವಿಗೆ ಬಿದ್ದರೆ ಗಾಬರಿಯಾಗಬೇಡಿ.

ಆರರಿಂದ ಹನ್ನೆರಡು ವಾರಕ್ಕೊಮ್ಮೆ ಸ್ಕ್ಯಾನ್ ಇರುತ್ತದೆ. ಗಡ್ಡೆಗಳ ಅಳತೆಗಳನ್ನು ಕೂಡಿ ಶೇಕಡಾ 30ರಷ್ಟಾದರೂ ಕಡಿಮೆಯಾದರೆ ಕುಗ್ಗಿದೆ ಎಂದು, ಶೇಕಡಾ 20ರಷ್ಟು ಬೆಳೆದರೆ ಅಥವಾ ಹೊಸ ಗಡ್ಡೆ ಕಂಡರೆ ಕಾಯಿಲೆ ಮುಂದುವರಿದಿದೆ ಎಂದು ಲೆಕ್ಕ. ನಡುವೆ ಇದ್ದರೆ "ಸ್ಥಿರ". ಮನೆಯವರಿಗೆ ಸ್ಥಿರ ಎಂದರೆ ಸೋಲು ಅನ್ನಿಸುತ್ತದೆ. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ತಿಂಗಳುಗಟ್ಟಲೆ ಸ್ಥಿರವಾಗಿರುವುದು ಒಳ್ಳೆಯ ಸುದ್ದಿ. ಕಾಯಿಲೆ ಮುಂದುವರಿದರೆ ಸಾಮಾನ್ಯವಾಗಿ ಟ್ರಯಲ್ ಮಾತ್ರೆ ನಿಲ್ಲುತ್ತದೆ, ಮುಂದಿನ ಚಿಕಿತ್ಸೆಗೆ ಹೋಗುತ್ತೀರಿ. ಕೆಲವು ಟ್ರಯಲ್‌ಗಳಲ್ಲಿ ಖಾಲಿ ಮಾತ್ರೆ ಸಿಕ್ಕವರಿಗೆ ಆ ಹಂತದಲ್ಲಿ ಹೊಸ ಮಾತ್ರೆಗೆ ದಾಟಲು ಅವಕಾಶ ಇರುತ್ತದೆ. ಅಮ್ಮನ ಟ್ರಯಲ್‌ನಲ್ಲಿ ಇದೆಯೇ ಎಂದು ಕೇಳಿ. ಮಧ್ಯೆ ಮಧ್ಯೆ ಟ್ರಯಲ್‌ಗೆ ಹೊರತಾದ ತಜ್ಞರ ಒಂದು ಸಮಿತಿ ಎಲ್ಲರ ಅಂಕಿಅಂಶ ನೋಡುತ್ತದೆ. ಹಾನಿ ಕಂಡರೆ, ಅಥವಾ ಲಾಭ ಸ್ಪಷ್ಟವಾಗಿ ಕಂಡರೆ, ಟ್ರಯಲನ್ನು ಅರ್ಧದಲ್ಲೇ ನಿಲ್ಲಿಸಲು ಅದು ಹೇಳಬಹುದು. ಹೊಸ ಅಪಾಯ ಗೊತ್ತಾದರೆ ನಿಮಗೆ ತಿಳಿಸಿ ಮತ್ತೆ ಸಹಿ ಕೇಳುತ್ತಾರೆ.

ಬಿಡುವುದು ಹೇಗೆ? ಕಾರಣ ಹೇಳದೆ, ಯಾವ ದಿನ ಬೇಕಾದರೂ. ಆದರೆ ಮಾತ್ರೆಯನ್ನು ತಾವೇ ಥಟ್ಟನೆ ಬಿಡದೆ ಡಾಕ್ಟರಿಗೆ ತಿಳಿಸಿ ಬಿಡಲಿ. ಕೆಲವು ಔಷಧಿಗಳನ್ನು ನಿಧಾನವಾಗಿ ಇಳಿಸಬೇಕು. ಮಾತ್ರೆ ಮಾತ್ರ ಬಿಟ್ಟು ಸ್ಕ್ಯಾನ್, ಫೋನ್ ವಿಚಾರಣೆಗೆ ಒಪ್ಪಬಹುದು, ಅಥವಾ ಎಲ್ಲವನ್ನೂ ಬಿಡಬಹುದು. ಅಲ್ಲಿಯವರೆಗೆ ಸಿಕ್ಕ ಮಾಹಿತಿಯನ್ನು ಅವರು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಟ್ರಯಲ್‌ನ ಔಷಧಿಗೂ ಟ್ರಯಲ್‌ಗಾಗಿಯೇ ಮಾಡುವ ಪರೀಕ್ಷೆಗಳಿಗೂ ಸಾಮಾನ್ಯವಾಗಿ ರೋಗಿ ಕೊಡಬೇಕಿಲ್ಲ. ಮಾಮೂಲಿ ಚಿಕಿತ್ಸೆಯ ಖರ್ಚು ಯಾರದು, ಓಡಾಟದ ಖರ್ಚು ಕೊಡುತ್ತಾರೆಯೇ, ಔಷಧಿಯಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರು ಕೊಡುತ್ತಾರೆ, ಇಷ್ಟೂ ಪತ್ರದಲ್ಲಿ ಬರೆದಿರಬೇಕು. ಬಾಯಿಮಾತು ಸಾಲದು. ಹೊಸ ಔಷಧಿಗೇ ದೊಡ್ಡ ಮೊತ್ತ ಕೇಳುವವರು ಸಿಕ್ಕರೆ ಅದನ್ನು ಟ್ರಯಲ್ ಎಂದು ನಂಬುವ ಮುಂಚೆ ಹತ್ತು ಸಲ ಯೋಚಿಸಿ. ಟ್ರಯಲ್‌ಗೆ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕೇಳಿ ಪಡೆದು ಸಾರ್ವಜನಿಕ ದಾಖಲೆಯಲ್ಲಿ ಹುಡುಕಿ ನೋಡಬಹುದು. ಆದರೆ ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಳ್ಳೆಯ ಟ್ರಯಲ್ ಎಂದಾಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದ್ದೀರಿ. ಮೂರನೇ ಹಂತ, ಎರಡೂ ಗುಂಪಿಗೆ ಮಾಮೂಲಿ ಚಿಕಿತ್ಸೆ, ನಡೆದಾಡುವ ಶಕ್ತಿ ಇರುವ ರೋಗಿ, ಕಾಯಲು ಸಮಯ ಕೊಡುವ ಕಾಯಿಲೆ, ಹೀಗಿದ್ದರೆ ನಾನು ಸೇರುವ ಕಡೆಗೇ ವಾಲುತ್ತೇನೆ. ಹೊಸ ಮಾತ್ರೆ ಗೆಲ್ಲುತ್ತದೆ ಎಂಬ ಭರವಸೆಯಿಂದ ಅಲ್ಲ, ಕಳೆದುಕೊಳ್ಳುವುದು ಕಡಿಮೆ ಎಂಬ ಕಾರಣಕ್ಕೆ. ಆಸ್ಪತ್ರೆ ಬಹಳ ದೂರವಿದ್ದು ಪ್ರತಿ ಭೇಟಿಗೂ ಅಮ್ಮ ಎರಡು ದಿನ ಸೋತು ಮಲಗುವಂತಾದರೆ, ಅಥವಾ ಮಾಮೂಲಿ ಚಿಕಿತ್ಸೆ ಹಳೆಯದು ಎಂದು ಎರಡನೇ ಡಾಕ್ಟರ್ ಹೇಳಿದರೆ, ಬೇಡ ಎನ್ನುತ್ತೇನೆ.

ನಿಮ್ಮ ಪತ್ರದಲ್ಲಿ ಅಣ್ಣ ಏನೆನ್ನುತ್ತಾರೆ ಎಂದಿದೆ, ನಿಮ್ಮ ಗೊಂದಲವಿದೆ. ಅಮ್ಮ ಏನೆನ್ನುತ್ತಾರೆ ಎಂದು ಎಲ್ಲೂ ಇಲ್ಲ. ಕಾಯಿಲೆ ಲಿವರ್‌ಗೆ ಹೋಗಿರುವುದು ಅವರಿಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಹೇಳಬೇಕು, ಯಾಕೆಂದರೆ ತಿಳಿವಳಿಕೆ ಇರುವವರ ಬದಲಿಗೆ ಮಕ್ಕಳು ಸಹಿ ಹಾಕುವಂತಿಲ್ಲ. ಪತ್ರವನ್ನು ಅವರ ಜೊತೆ ಕೂತು, ಎರಡು ಮೂರು ದಿನ ತೆಗೆದುಕೊಂಡು ಓದಿ. ಪೂರ್ತಿ ಓದಲಾಗದಿದ್ದರೆ ಭೇಟಿಗಳ ಪಟ್ಟಿ, ಅಪಾಯಗಳು, ಬೇರೆ ಆಯ್ಕೆಗಳು, ಖರ್ಚು ಮತ್ತು ಪರಿಹಾರ, ಈ ಭಾಗಗಳನ್ನಾದರೂ ಓದಿ. ಅರ್ಥವಾಗದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿ. ಅವರಿಗೆ ಸುಲಭವಾದ ಭಾಷೆಯಲ್ಲಿ ಪತ್ರ ಬೇಕಾದರೆ ಕೇಳಿ, ಕೊಡಬೇಕಾದ್ದು ಅವರ ಕೆಲಸ. ಮುಂದಿನ ಭೇಟಿಗೆ ಅಣ್ಣನನ್ನೂ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಡಾಕ್ಟರಿಗೆ ಕೇಳಲಿ. ಅಮ್ಮ ಬೇಡ ಎಂದರೆ ಅದನ್ನು ಕೋಆರ್ಡಿನೇಟರ್‌ಗೆ ಬೇಗ ತಿಳಿಸಿ, ಮಾಮೂಲಿ ಚಿಕಿತ್ಸೆ ತಡವಾಗದೆ ಶುರುವಾಗಲಿ.